ಹುಳುಗಳ ಶಾಸನ ಓದಿದ ಉಪಾಧ್ಯಾಯ

ಜೀನ್ ಹೆನ್ರಿ ಫಾಬ್ರೆ 1823ರ ಡಿಸೆಂಬರಿನಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಬಡವರ ಮಗನಾಗಿ ಹುಟ್ಟಿದನು. ಉಪಾಧ್ಯಾಯ ವೃತ್ತಿಯನ್ನು ಹಿಡಿದು, ಅಲ್ಪ ಸಂಬಳದಲ್ಲಿ ದೊಡ್ಡ ಸಂಸಾರವನ್ನು ಸಾಗಿಸುತ್ತ, ಸ್ವಂತ ಶ್ರಮದಿಂದಲೇ ಪದವಿಗಳನ್ನು ಗಳಿಸಿದನು. ಡಾರ್ವಿನ್ ಈತನ ಅವಲೋಕನ ಶಕ್ತಿಯನ್ನು ಬಹುವಾಗಿ ಮೆಚ್ಚಿದ್ದನು. ಆದರೆ ವಿಕಾಸವಾದವನ್ನು ಮಾತ್ರ ಫಾಬ್ರೆ ಕೊನೆಯವರೆಗೂ ಒಪ್ಪಲಿಲ್ಲ.

ಅವಿನ್ಯೋನ್ ನಗರದಲ್ಲಿ ಆತ ಸಾರ್ವಜನಿಕರಿಗೆ ವಿಜ್ಞಾನದ ಪಾಠಗಳನ್ನು ಹೇಳುತ್ತಿದ್ದನು. ಹುಡುಗಿಯರ ಮುಂದೆ ಹೂವಿನ ಪರಾಗಸ್ಪರ್ಶವನ್ನು ವಿವರಿಸಿದ್ದೇ ಅಪರಾಧವಾಯಿತು. 1870ರ ಸುಮಾರಿಗೆ ಕೆಲಸ ಹೋಯಿತು. ಬಾಡಿಗೆಯ ಮನೆಯೂ ಹೋಯಿತು. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕೊಟ್ಟ ಸಾಲ ಆಗ ಸಂಸಾರವನ್ನು ಉಳಿಸಿತು. ತರಗತಿಯಲ್ಲಿ ಶೃಂಗಾರರಸವನ್ನು ನಿರ್ಭಯವಾಗಿ ವಿವರಿಸುವ ನನಗೆ, ಹೂವಿನ ಸಂಗತಿ ಹೇಳಿ ಬೀದಿಗೆ ಬಿದ್ದ ಈ ಸಹೋದ್ಯೋಗಿಯ ಮೇಲೆ ವಿಶೇಷ ಗೌರವ.

1879ರಲ್ಲಿ ಆತ ಸೆರಿನ್ಯಾನ್ ಗ್ರಾಮದಲ್ಲಿ, ನಮ್ಮ ಲಿಂಗಸುಗೂರು ಸೀಮೆಯ ಮರಡಿಯಂಥ ಕಲ್ಲುನೆಲವೊಂದನ್ನು ಕೊಂಡನು. ಅದೇ ಆತನ ಪ್ರಯೋಗಶಾಲೆ. ಕೀಟಗಳನ್ನು ಕುರಿತ ಹತ್ತು ಸಂಪುಟಗಳು 1907ರ ಹೊತ್ತಿಗೆ ಹೊರಬಂದವು.

ಒಂದು ಮೇ ತಿಂಗಳ ಬೆಳಿಗ್ಗೆ ಮನೆಯಲ್ಲಿ ಹೆಣ್ಣು ನವಿಲುಪತಂಗವೊಂದು ಗೂಡೊಡೆದು ಹೊರಬಂತು. ಅಂದಿನ ರಾತ್ರಿಯೇ ಕತ್ತಲೆಯನ್ನು ಸೀಳಿಕೊಂಡು ಸುಮಾರು 40 ಗಂಡುಗಳು ಬಂದವು. ಹೆಣ್ಣನ್ನು ಬಿಗಿಯಾಗಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟರೆ, ಕಣ್ಣಿಗೆ ಕಾಣುತ್ತಿದ್ದರೂ, ಒಂದೂ ಬರಲಿಲ್ಲ. ಬಿರುಕುಳ್ಳ ಪೆಟ್ಟಿಗೆಯಲ್ಲಿ ಅಡಗಿಸಿಟ್ಟರೆ ಬಂದವು. ಮತ್ತೊಂದು ಜಾತಿಯ ಪತಂಗದ ಗಂಡುಗಳು ಗಾಜಿನೊಳಗಿನ ಹೆಣ್ಣನ್ನು ಬಿಟ್ಟು, ಅವಳು ಕುಳಿತೆದ್ದ ರೆಂಬೆಗೇ ಮುತ್ತಿದವು. ಮನುಷ್ಯನ ಮೂಗಿಗೆ ಎಟುಕದ ವಾಸನೆಯೊಂದು ಇರಬೇಕೆಂದು ಆತ ಊಹಿಸಿದನು. ಆದರೆ ಕೋಣೆಯ ತುಂಬ ನ್ಯಾಫ್ತಲೀನ್ ಘಾಟು ಹರಡಿದರೂ ಗಂಡುಗಳು ದಾರಿ ತಪ್ಪದಿದ್ದುದು ಆತನನ್ನು ಸಂದೇಹಕ್ಕೆ ದೂಡಿತು. ಆ ಸಂದೇಹವನ್ನೂ ಆತ ಮರೆಮಾಚದೆ ಬರೆದಿಟ್ಟನು.

ಚಿಮ್ಮಂಡೆಗಳ ಮಲ್ಲಯುದ್ಧವನ್ನೂ ಆತ ಚಿತ್ರಿಸಿದ್ದಾನೆ. ಸಿಂಧನೂರಿನ ಗದ್ದೆಯ ಬದುಗಳಲ್ಲಿ ರಾತ್ರಿಯೆಲ್ಲ ದನಿಗೈಯುವ ಆ ಹುಳುವಿನ ಒಳಗುಟ್ಟು ಈಗ ತಿಳಿದಿದೆ. ಗಂಡು ತನ್ನ ಕುಡಿಮೀಸೆಯಿಂದ ಎದುರಿನ ಹುಳುವನ್ನು ಮುಟ್ಟಿ, ಮೈಮೇಲಿನ ರಾಸಾಯನಿಕ ಲೇಪವನ್ನು ಅರಿಯುತ್ತದೆ. ಹೆಣ್ಣಾದರೆ ಒಲವಿನ ಹಾಡು, ಗಂಡಾದರೆ ಕಲಹ. ಕಾದಾಡುವ ಹುರುಪನ್ನು ಮಿದುಳಿನಲ್ಲಿ ಏರಿಸುವ ದ್ರವ್ಯ ಆಕ್ಟೋಪಮೈನ್. ಶೃಂಗಾರಕ್ಕೂ ವೀರಕ್ಕೂ ಬಾಗಿಲು ಒಂದೇ ಮೀಸೆ!

ಫಾಬ್ರೆ 1915ರ ಅಕ್ಟೋಬರಿನಲ್ಲಿ ತೀರಿಕೊಂಡನು. ಅದೇ ವರ್ಷ ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಬೆಳಕಿಗೆ ಬಂತು. ಅದುವರೆಗೆ ಶಾಸನಗಳ ದೇವಾನಾಂಪ್ರಿಯನು ಯಾರೆಂಬುದಕ್ಕೆ ಕಲ್ಲಿನ ಸಾಕ್ಷ್ಯ ದೊರೆತಿರಲಿಲ್ಲ. ಫಾಬ್ರೆಯ ವಾಸನೆಯೂ ಹೀಗೆಯೇ ಹೆಸರಿಗಾಗಿ ಕಾದಿತ್ತು. 1959ರಲ್ಲಿ ಜರ್ಮನಿಯ ಬುಟೆನಾಂಡ್ಟ್ ಸುಮಾರು 5 ಲಕ್ಷ ಹೆಣ್ಣು ರೇಷ್ಮೆಪತಂಗಗಳಿಂದ ಆ ಬಗೆಯ ದ್ರವ್ಯವನ್ನು ಬೇರ್ಪಡಿಸಿ ಬಾಂಬಿಕಾಲ್ ಎಂದು ಕರೆದನು. ಫೆರೊಮೋನ್ ಎಂಬ ಶಬ್ದ ಹುಟ್ಟಿದ್ದೂ ಅದೇ ವರ್ಷ.

ಇಂದು ಹತ್ತಿಯ ಹೊಲಗಳಲ್ಲಿ ಗುಲಾಬಿ ಕಾಯಿಕೊರಕದ ಗಂಡುಗಳನ್ನು ಸೆಳೆಯಲು ಕಟ್ಟುವ ಮೋಹಕ ಬಲೆ ಇದೇ ಅರಿವಿನ ಫಲ. ಅರ್ಥವಾಗದ ಅಕ್ಷರವನ್ನು ತಿದ್ದದೆ, ಇದ್ದಂತೆಯೇ ಪ್ರತಿಮಾಡಿಕೊಳ್ಳುವವನೇ ಉತ್ತಮ ಶಾಸನಕಾರ್ಯಕರ್ತನೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಆ ಮಾತಿಗೆ ಫಾಬ್ರೆಗಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ.