ತನಗೆ ತಾನೇ ಹೆಸರಿಟ್ಟುಕೊಂಡ ತಾಯಿ: ಸೋಜರ್ನರ್ ಟ್ರೂತ್

ಮಗುವಿಗೆ ಹೆಸರಿಡುವ ದಿನ ತೊಟ್ಟಿಲ ಸುತ್ತ ಬಂಧುಬಳಗ ನೆರೆಯುತ್ತದೆ. ಅಜ್ಜ ಅಜ್ಜಿಯರ ಹೆಸರೋ ಮನೆದೇವರ ಹೆಸರೋ ಮಗುವಿನ ಕಿವಿಗೆ ಬೀಳುತ್ತದೆ. ಎರಡು ಶತಮಾನಗಳ ಹಿಂದೆ ಅಮೆರಿಕದಲ್ಲಿ ಗುಲಾಮರಾಗಿ ಹುಟ್ಟಿದ ಕಪ್ಪು ಜನರಿಗೆ ಹೆಸರೂ ಪೂರ್ಣವಾಗಿ ಸ್ವಂತದ್ದಾಗಿರಲಿಲ್ಲ. ಯಜಮಾನನ ಮನೆತನದ ಹೆಸರೇ ಅವರ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಯಜಮಾನ ಬದಲಾದರೆ ಅದೂ ಬದಲಾಗುತ್ತಿತ್ತು. ಅಂಥವರ ನಡುವೆ ಹುಟ್ಟಿದ ಒಬ್ಬ ಮಹಿಳೆ ಸುಮಾರು 46ನೆಯ ವಯಸ್ಸಿನಲ್ಲಿ ಹಳೆಯ ಹೆಸರನ್ನು ಕಳಚಿಟ್ಟು, ಯಾರೂ ಕೇಳಿರದ ಹೊಸ ಹೆಸರನ್ನು ತಾನೇ ಆರಿಸಿಕೊಂಡಳು. ಗುಲಾಮಗಿರಿಯ ವಿರುದ್ಧವೂ ಮಹಿಳೆಯರ ಹಕ್ಕಿಗಾಗಿಯೂ ದುಡಿದ ಸೋಜರ್ನರ್ ಟ್ರೂತ್ ಆಕೆ.

ಆಕೆ ಹುಟ್ಟಿದ್ದು 1797ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯದ ಅಲ್‌ಸ್ಟರ್ ಕೌಂಟಿಯಲ್ಲಿ. ಇಟ್ಟ ಹೆಸರು ಇಸಾಬೆಲ್ಲಾ. ಆ ಪ್ರದೇಶ ಮೊದಲು ಡಚ್ಚರ ವಸಾಹತಾಗಿದ್ದು, 1664ರಲ್ಲಿ ಇಂಗ್ಲಿಷರ ವಶವಾಗಿತ್ತು. ಆಡಳಿತದ ಭಾಷೆ ಬದಲಾದರೂ ಹಡ್ಸನ್ ನದಿಯ ದಡದ ಹಳ್ಳಿಗಳಲ್ಲಿ ಡಚ್ ಮನೆಮಾತು ನೂರಾರು ವರ್ಷ ಉಳಿದುಕೊಂಡಿತು. ರಾಜ್ಯದ ಗಡಿ ಸರಿದರೂ ಮನೆಮಾತನ್ನು ಬಿಡದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಸಾಬೆಲ್ಲಾಳ ಯಜಮಾನರು ಡಚ್ ಮನೆತನದವರು. ಆಕೆಯ ತಂದೆ ತಾಯಿಯರೂ ಡಚ್ ಮಾತನಾಡುತ್ತಿದ್ದರು. ನೆಟ್ಟಗೆ ಎತ್ತರವಾಗಿದ್ದ ತಂದೆಯನ್ನು ಜನ ಬೋಮ್‌ಫ್ರೀ ಎಂದು ಕರೆಯುತ್ತಿದ್ದರು. ಡಚ್ ಭಾಷೆಯಲ್ಲಿ ಮರ ಎಂಬ ಅರ್ಥದ ಮಾತಿನಿಂದ ಬಂದ ಅಡ್ಡಹೆಸರು ಅದು. ಹಲವು ಮಕ್ಕಳನ್ನು ಮಾರಾಟದಲ್ಲಿ ಕಳೆದುಕೊಂಡಿದ್ದ ತಾಯಿ, ಉಳಿದ ಮಕ್ಕಳನ್ನು ಸಂಜೆ ಬಯಲಿನಲ್ಲಿ ಕೂರಿಸಿಕೊಂಡು, ಕಷ್ಟ ಬಂದಾಗ ಆಕಾಶದಲ್ಲಿರುವ ದೇವರಿಗೆ ಮೊರೆಯಿಡುವುದನ್ನು ಕಲಿಸಿದಳು. ಆ ಪ್ರಾರ್ಥನೆಯ ಭಾಷೆಯೂ ಡಚ್ಚೇ.

1806ರ ಸುಮಾರಿಗೆ ಯಜಮಾನ ತೀರಿಕೊಂಡಾಗ ಅವನ ಆಸ್ತಿ ಹರಾಜಿಗೆ ಬಂತು. ಒಂಬತ್ತು ವರ್ಷದ ಹುಡುಗಿಯನ್ನು ಕುರಿಮಂದೆಯೊಂದಿಗೆ ಸೇರಿಸಿ 100 ಡಾಲರಿಗೆ ಮಾರಿದರು. ಕೊಂಡವನು ಜಾನ್ ನೀಲಿ. ಅವನ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಿಲ್ಲ. ಹುಡುಗಿಗೆ ಇಂಗ್ಲಿಷಿನ ಗಂಧವಿಲ್ಲ. ಬಾಣಲೆ ತರಲು ಹೇಳಿದರೆ ಆಕೆ ಒಲೆಯ ಮೇಲೆ ಪಾತ್ರೆ ತೂಗುಹಾಕುವ ಕೊಕ್ಕೆಯನ್ನು ತಂದು ನಿಲ್ಲುತ್ತಿದ್ದಳು. ಅರ್ಥವಾಗದ ಮಾತಿಗೆ ಏಟೇ ಉತ್ತರ. ಒಂದು ದಿನ ಬೆತ್ತದ ಕಟ್ಟಿನಿಂದ ರಕ್ತ ಒಸರುವಂತೆ ಹೊಡೆದರು. ಆ ಗಾಯದ ಕಲೆಗಳು ಬೆನ್ನ ಮೇಲೆ ಕೊನೆಯವರೆಗೂ ಉಳಿದವು. ಮನೆಮಾತೇ ಅಪರಾಧವಾದ ಮಗುವಿನ ಕಥೆಯಿದು. ಮುಂದೆ ಆಕೆ ಇಂಗ್ಲಿಷ್ ಕಲಿತಳು, ಸಾವಿರಾರು ಜನ ಮೌನವಾಗಿ ಕೇಳುವಂತೆ ಆ ಭಾಷೆಯಲ್ಲಿ ಮಾತನಾಡಿದಳು. ಆದರೆ ಅದರೊಳಗೆ ಡಚ್ಚಿನ ಧಾಟಿ ಉಳಿದೇ ಇತ್ತು.

ಆಮೇಲೆ ಇನ್ನೂ ಎರಡು ಬಾರಿ ಮಾರಾಟವಾಗಿ, 1810ರಲ್ಲಿ ಜಾನ್ ಡ್ಯೂಮಾಂಟ್ ಎಂಬುವನ ಮನೆ ಸೇರಿದಳು. ನ್ಯೂಯಾರ್ಕಿನ ಕಾನೂನಿನಂತೆ 1827ರ ಜುಲೈ 4ರಂದು ಗುಲಾಮರಿಗೆ ಬಿಡುಗಡೆಯಾಗಬೇಕಿತ್ತು. ಒಂದು ವರ್ಷ ಮೊದಲೇ ಬಿಡುವೆನೆಂದು ಮಾತು ಕೊಟ್ಟ ಡ್ಯೂಮಾಂಟ್ ಅದನ್ನು ಮುರಿದ. 1826ರ ಕೊನೆಯಲ್ಲಿ ಒಂದು ಬೆಳಗಿನ ಜಾವ, ಎಳೆಯ ಮಗಳನ್ನು ಎತ್ತಿಕೊಂಡು ಇಸಾಬೆಲ್ಲಾ ಆ ಮನೆಯಿಂದ ಹೊರನಡೆದಳು. ವ್ಯಾನ್ ವ್ಯಾಗನೆನ್ ದಂಪತಿಗಳು ಆಶ್ರಯ ಕೊಟ್ಟು, ಉಳಿದ ಅವಧಿಯ ದುಡಿಮೆಗೆಂದು 20 ಡಾಲರ್ ತೆತ್ತು, ತಮ್ಮನ್ನು ಯಜಮಾನರೆಂದು ಕರೆಯಬಾರದೆಂದರು. ಆಕೆ ಇಸಾಬೆಲ್ಲಾ ವ್ಯಾನ್ ವ್ಯಾಗನೆನ್ ಆದಳು. ಇದು ಒಳ್ಳೆಯವರ ಹೆಸರು. ಆದರೂ ಬೇರೆಯವರ ಹೆಸರೇ. ಇದೇ ಸಮಯದಲ್ಲಿ ಕಾನೂನಿಗೆ ವಿರುದ್ಧವಾಗಿ ಅಲಬಾಮಾಕ್ಕೆ ಸಾಗಿಸಲ್ಪಟ್ಟ ಮಗ ಪೀಟರನಿಗಾಗಿ ನ್ಯಾಯಾಲಯದ ಮೆಟ್ಟಿಲೇರಿ, 1828ರಲ್ಲಿ ಗೆದ್ದು ಅವನನ್ನು ಮರಳಿ ಪಡೆದಳು. ಓದು ಬರಹ ತಿಳಿಯದ ಕಪ್ಪು ಮಹಿಳೆಯೊಬ್ಬಳು ಬಿಳಿಯರ ವಿರುದ್ಧ ನ್ಯಾಯ ಪಡೆದದ್ದು ಆ ಕಾಲಕ್ಕೆ ಅಪರೂಪ.

ಬಳಿಕ ನ್ಯೂಯಾರ್ಕ್ ನಗರದಲ್ಲಿ ಮನೆಗೆಲಸ ಮಾಡುತ್ತ ವರ್ಷಗಳು ಕಳೆದವು. 1843ರ ಜೂನ್ 1ರಂದು ಒಂದಿಷ್ಟು ಬಟ್ಟೆಯನ್ನು ದಿಂಬಿನ ಚೀಲಕ್ಕೆ ತುಂಬಿಕೊಂಡು, ಕೆಲವೇ ನಾಣ್ಯಗಳೊಂದಿಗೆ ದೋಣಿ ಹತ್ತಿ ನಗರವನ್ನು ಬಿಟ್ಟಳು. ಅಂದಿನಿಂದ ಆಕೆಯ ಹೆಸರು ಸೋಜರ್ನರ್. ಒಂದೆಡೆ ನೆಲೆನಿಲ್ಲದೆ, ಅಲ್ಲಲ್ಲಿ ತಂಗುತ್ತ ಮುಂದೆ ಸಾಗುವವರು ಎಂದು ಅದರ ಅರ್ಥ. ನಮ್ಮ ಜಂಗಮ ಎಂಬ ಪದ ಅದಕ್ಕೆ ಹತ್ತಿರದ್ದು. ಎಲ್ಲರಿಗೂ ಎರಡು ಹೆಸರಿರುವಾಗ ತನಗೂ ಇನ್ನೊಂದು ಬೇಕೆಂದು ದೇವರನ್ನು ಬೇಡಿದಾಗ ಟ್ರೂತ್, ಅಂದರೆ ಸತ್ಯ, ಎಂಬ ಹೆಸರು ದೊರಕಿತೆಂದು ಆಕೆ ಮುಂದೆ ಹೇಳಿಕೊಂಡಳು. ಊರೂರು ತಿರುಗಿ ಜನರಿಗೆ ಸತ್ಯವನ್ನು ಸಾರುವುದೇ ತನ್ನ ಕೆಲಸವೆಂದು ನಂಬಿದವಳಿಗೆ ಆ ಎರಡು ಪದಗಳೇ ಸಾಕಾದವು. ಮಾರಿದವರ, ಕೊಂಡವರ ಹೆಸರಿನ ಗುರುತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಸುತ್ತಲಿನವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಮಕ್ಕಳಿಗೂ ಹೇಳದೆ ಹೊರಟಿದ್ದರಿಂದ ತಾಯಿಗೆ ಬುದ್ಧಿಭ್ರಮಣೆಯಾಗಿರಬೇಕೆಂದು ಕೆಲವರು, ಪ್ರಾಣ ಕಳೆದುಕೊಂಡಿರಬೇಕೆಂದು ಕೆಲವರು ಭಾವಿಸಿ ಕಣ್ಣೀರಿಟ್ಟರು. ಕನೆಟಿಕಟ್ ರಾಜ್ಯದಿಂದ ಆಕೆ ಬರೆಸಿದ ಪತ್ರ ಕೈಸೇರಿದ ಮೇಲೆಯೇ ಅವರಿಗೆ ನೆಮ್ಮದಿ. 1850ರಲ್ಲಿ ಆಕೆ ಹೇಳಿ, ಆಲಿವ್ ಗಿಲ್ಬರ್ಟ್ ಬರೆದ ಜೀವನಕಥೆ ಅಚ್ಚಾಯಿತು. ಮುಖಪುಟದಲ್ಲಿ ಸೋಜರ್ನರ್ ಟ್ರೂತ್ ಎಂದಿದ್ದರೂ ಒಳಪುಟಗಳಲ್ಲಿ ಬಹುಪಾಲು ಇಸಾಬೆಲ್ಲಾ ಎಂದೇ ಬರೆಯಲಾಗಿತ್ತು.

ಹೆಸರಿನಂತೆ ಮಾತನ್ನೂ ಇತರರು ತಿದ್ದಿದರು. 1851ರ ಮೇ ತಿಂಗಳಲ್ಲಿ ಒಹಾಯೋ ರಾಜ್ಯದ ಆಕ್ರನ್ನಿನ ಮಹಿಳಾ ಸಮಾವೇಶದಲ್ಲಿ ಆಕೆ ಮಾಡಿದ ಭಾಷಣವನ್ನು, ಅಲ್ಲಿದ್ದ ಮೇರಿಯಸ್ ರಾಬಿನ್ಸನ್ ಒಂದು ತಿಂಗಳೊಳಗೆ ಪತ್ರಿಕೆಯಲ್ಲಿ ಸರಳ ಇಂಗ್ಲಿಷಿನಲ್ಲಿ ವರದಿ ಮಾಡಿದರು. 12 ವರ್ಷಗಳ ನಂತರ ಫ್ರಾನ್ಸಿಸ್ ಗೇಜ್ ಅದೇ ಭಾಷಣವನ್ನು ದಕ್ಷಿಣದ ತೋಟಗಳ ಗುಲಾಮರ ಆಡುಮಾತಿನಲ್ಲಿ ಬರೆದರು. ಐದು ಮಕ್ಕಳನ್ನು ಹೆತ್ತವಳಿಗೆ 13 ಮಕ್ಕಳನ್ನು ಕೊಟ್ಟರು. ದಕ್ಷಿಣದಲ್ಲಿ ಆಕೆ ಬೆಳೆದವಳೇ ಅಲ್ಲ. ಡಚ್ ಮಾತೃಭಾಷೆಯ ಹೆಣ್ಣುಮಗಳ ಬಾಯಿಗೆ ಪರರ ನುಡಿಯನ್ನು ತುರುಕಿದ ಆ ಪಾಠವೇ ಬಹುಕಾಲ ಪ್ರಸಿದ್ಧವಾಯಿತು. ಅದೇ 1863ರಲ್ಲಿ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಆಕೆಯನ್ನು ಲಿಬಿಯಾದ ಪ್ರವಾದಿನಿ ಎಂಬರ್ಥದ ಹೆಸರಿನಿಂದ ಕರೆದು, ತೀರಿಹೋದವಳೆಂಬಂತೆ ಲೇಖನ ಬರೆದರು. ಬದುಕಿದ್ದ ಸೋಜರ್ನರ್, ಆ ಬರಹ ಪೂರ್ತಿ ಸರಿಯಿಲ್ಲ, ತನ್ನ ನಿಜವಾದ ಕಥೆ ತನ್ನ ಪುಸ್ತಕದಲ್ಲಿದೆ ಎಂದು ಪತ್ರಿಕೆಗೆ ಬರೆಸಿದಳು. 1864ರ ಅಕ್ಟೋಬರ್ 29ರಂದು ಭೇಟಿಯಾದ ಅಧ್ಯಕ್ಷ ಲಿಂಕನ್ ಕೂಡ ಆಕೆಯ ಪುಟ್ಟ ಪುಸ್ತಕದಲ್ಲಿ ಸಹಿ ಹಾಕುವಾಗ, ವಯಸ್ಸಾದ ಕಪ್ಪು ಮಹಿಳೆಯರನ್ನು ಬಿಳಿಯರು ಕರೆಯುತ್ತಿದ್ದ ರೀತಿಯಲ್ಲಿ ಹೆಸರಿನ ಹಿಂದೆ ಆಂಟಿ ಎಂದು ಸೇರಿಸಿದರು. ಆದರೂ ಅದರ ಮುಂದೆ ಆಕೆ ಆರಿಸಿಕೊಂಡ ಹೆಸರೇ ಇತ್ತು.

ಓದು ಬರಹ ಬಾರದಿದ್ದರೂ ದಾಖಲೆಯ ಬೆಲೆ ಆಕೆಗೆ ಗೊತ್ತಿತ್ತು. ಖರ್ಚಿಗಾಗಿ ಮಾರುತ್ತಿದ್ದ ತನ್ನ ಭಾವಚಿತ್ರಗಳ ಹಕ್ಕನ್ನು 1864ರಲ್ಲಿ ಸ್ವಂತ ಹೆಸರಿನಲ್ಲಿಯೇ ನೋಂದಾಯಿಸಿದಳು. ಆಗ ಅಂಥ ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕನದಾಗಿರುತ್ತಿತ್ತು. 1883ರ ನವೆಂಬರ್ 26ರಂದು ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ನಿಧನಳಾದಳು. ಸಮಾಧಿಯ ಕಲ್ಲಿನಲ್ಲಿ ಕೆತ್ತಿದ ವಯಸ್ಸು ಸುಮಾರು 105. ನಿಜಕ್ಕೂ 86ರ ಆಸುಪಾಸು. ವಯಸ್ಸು ತಪ್ಪಿತು, ಹೆಸರು ತಪ್ಪಲಿಲ್ಲ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ಪುಟ್ಟ ವಾಹನಕ್ಕೂ ಸೋಜರ್ನರ್ ಎಂದೇ ಹೆಸರು. ಅದನ್ನು ಸೂಚಿಸಿ ಪ್ರಬಂಧ ಬರೆದವಳು 12 ವರ್ಷದ ಶಾಲಾ ಬಾಲಕಿ.

ನಮ್ಮ ಮಕ್ಕಳ ಬೆನ್ನಿನ ಮೇಲೆ ಬೆತ್ತದ ಕಲೆಗಳಿಲ್ಲ. ಆ ನೋವಿಗೆ ನಮ್ಮ ಕಷ್ಟ ಸಮವೂ ಅಲ್ಲ. ಆದರೆ ಹೆಸರನ್ನು ಬರೆಯುವ ಕೈ ಬೇರೆಯವರದಾದಾಗ ಏನಾಗುತ್ತದೆಂಬುದು ನಮಗೆ ಗೊತ್ತು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ, ಭ ಮೂರಕ್ಕೂ ಒಂದೇ. ಅದು ಆ ಲಿಪಿಯ ಸ್ವಭಾವ, ಯಾರ ದೋಷವೂ ಅಲ್ಲ. ಆದರೆ ಅಲ್ಲಿಂದ ಇಂಗ್ಲಿಷಿಗೆ ಇಳಿಯುವಾಗ ಗೌರಿಯ ಹೆಸರು ಕೌರಿಯಾಗಿ ಕೂತರೆ, ಮುಂದೆ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು. ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಪ್ರವೇಶ ದಾಖಲೆಯ ಪುಸ್ತಕವನ್ನು ಪೋಷಕರು ಒಮ್ಮೆ ತಮ್ಮತ್ತ ತಿರುಗಿಸಿ ಓದಬೇಕು. ಹೆಸರನ್ನು ಕನ್ನಡದಲ್ಲಿಯೂ ಒಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ಕೊಡಬೇಕು. ತಪ್ಪು ಕಂಡರೆ ಅಂದೇ, ವಿನಯದಿಂದ, ತಿದ್ದಿಸಬೇಕು. ಒಂದಕ್ಷರ ಓದಲು ಬಾರದ ತಾಯಿಯೊಬ್ಬಳು ತನ್ನ ಹೆಸರಿಗಾಗಿ 40 ವರ್ಷ ಅಷ್ಟು ಎಚ್ಚರ ವಹಿಸಿದಳು. ಓದಬಲ್ಲ ನಾವು ನಮ್ಮ ಮಕ್ಕಳಿಗಾಗಿ ಆ ಒಂದು ದಿನದ ಎಚ್ಚರವನ್ನಾದರೂ ವಹಿಸೋಣ.