ಕಾರಾಪುರದ ಸಾಬು

ಊರು ಬಿಟ್ಟು ಬಂದು ಹೌಜ್ ಖಾಸಿನಲ್ಲಿ ಅನ್ನ ಕಾಣುತ್ತಿರುವ ನಾವು, ನಮಗಿಂತ ಬಹು ದೂರ ಹೋಗಿ ದುಡಿದ ಮೈಸೂರು ಸೀಮೆಯ ಮಾವುತನ ಮಗನೊಬ್ಬನನ್ನು ಇಂದು ನೆನೆಯಬಯಸುತ್ತೇವೆ. ಲೋಕವು ಸಾಬುವನ್ನು ಆನೆಯ ಮೇಲೆ ಕುಳಿತ ಹುಡುಗನೆಂದೇ ಬಲ್ಲದು. ಯುದ್ಧವಿಮಾನದಲ್ಲಿ ಕೋವಿ ಹಿಡಿದು ಕುಳಿತ ಯೋಧನೆಂದು ಬಲ್ಲವರು ವಿರಳ.

ಸಾಬು ಹುಟ್ಟಿದ್ದು 1924ರಲ್ಲಿ, ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತರು. ತಾಯಿ ಮೊದಲೇ ತೀರಿಕೊಂಡಿದ್ದರು. ತಂದೆಯೂ ಗತಿಸಿದ ಮೇಲೆ ಅನಾಥ ಬಾಲಕನಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿಯವರ ಚಿತ್ರತಂಡವು ಕಿಪ್ಲಿಂಗರ ಕಥೆಯೊಂದಕ್ಕೆ ತಕ್ಕ ಹುಡುಗನನ್ನು ಅರಸುತ್ತ ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದವನು ಇವನೇ. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆ ಕಂಡಿತು. ಹುಡುಗನು ಅಣ್ಣ ಶೇಖ್ ದಸ್ತಗೀರರೊಡನೆ ಇಂಗ್ಲೆಂಡಿಗೆ ಹೋದನು. (ಅಣ್ಣನ ಹೆಸರು ತಮ್ಮನಿಗೆ ಅಂಟಿಕೊಂಡದ್ದು ಇಂದಿಗೂ ಬಿಟ್ಟಿಲ್ಲ.) ಮರುವರ್ಷದ 'ದಿ ಡ್ರಮ್' ಸಾಮ್ರಾಜ್ಯವನ್ನು ಮೆರೆಸುವ ಚಿತ್ರ, ಮುಂಬಯಿಯಲ್ಲಿ ಅದರ ವಿರುದ್ಧ ಪ್ರತಿಭಟನೆ ನಡೆಯಿತು. ಹದಿನಾಲ್ಕರ ಬಾಲಕನ ತಲೆಗೆ ಆ ದೋಷವನ್ನು ಕಟ್ಟುವುದು ನಮಗೆ ನ್ಯಾಯವೆಂದು ತೋರದು. 'ದಿ ಥೀಫ್ ಆಫ್ ಬಾಗ್ದಾದ್' ತಯಾರಾಗುತ್ತಿದ್ದಾಗ ಯುದ್ಧ ಹತ್ತಿಕೊಂಡಿತು. ಕೆಲಸ ಅಮೆರಿಕಕ್ಕೆ ವರ್ಗವಾಯಿತು. ಸಾಬು ಅಲ್ಲಿಯೇ ನೆಲೆಸಿದರು.

1944ರಲ್ಲಿ ಅಮೆರಿಕದ ಪ್ರಜೆಯಾದ ಅವರು ಅಲ್ಲಿನ ಸೈನ್ಯದ ವಾಯುದಳದಲ್ಲಿ ಸೇವೆ ಸಲ್ಲಿಸಿದರು. ಖ್ಯಾತ ನಟನಿಗೆ ಮನರಂಜನೆಯ ಸುಲಭದ ಕೆಲಸ ದೊರೆತಿತೆಂದು ವಾಚಕರು ಊಹಿಸಬಾರದು. ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಕೋವಿಗಾರನ ಕೆಲಸ ಅದು. ಮೈ ಮುದುಡಿ ಕುಳಿತುಕೊಳ್ಳಬೇಕಾದ ಇಕ್ಕಟ್ಟಿನ ಗೂಡು. ಮೇಲಕ್ಕೇರಿದಂತೆ ಕೊರೆಯುವ ಚಳಿ, ಉಸಿರಿಗೆ ಆಮ್ಲಜನಕದ ಮುಖವಾಡ. ಕೆಳಗೆ ಗಂಟೆಗಟ್ಟಲೆ ಪೆಸಿಫಿಕ್ ಸಾಗರ. ಶತ್ರುವಿಮಾನ ಎರಗಿದರೆ ಕೋವಿಗಾರನಿಗೆ ಅಡಗಲು ಬೇರೆ ಸ್ಥಳವಿಲ್ಲ. ಡಜನುಗಟ್ಟಲೆ ದಾಳಿಗಳಲ್ಲಿ ಹೀಗೆ ಹಾರಿ, ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ಪಡೆದು ಅವರು ಮರಳಿದರು.

ಯುದ್ಧಾನಂತರ 'ಬ್ಲ್ಯಾಕ್ ನಾರ್ಸಿಸಸ್' ಒಂದನ್ನು ಬಿಟ್ಟರೆ ಹೆಸರು ತರುವ ಪಾತ್ರ ಬರಲಿಲ್ಲ. ಹುಡುಗನನ್ನು ಮೆಚ್ಚಿದವರಿಗೆ ಮೀಸೆ ಬಂದವನು ಬೇಡವಾದನೇನೋ! 1948ರಲ್ಲಿ ಮದುವೆ, ಇಬ್ಬರು ಮಕ್ಕಳು. ಸಂಸಾರ ತೂಗಿಸಲು 1952ರಲ್ಲಿ ಲಂಡನಿನ ಸರ್ಕಸ್ಸಿನಲ್ಲಿ ಮತ್ತೆ ಆನೆಗಳ ನಡುವೆ ನಿಂತರು.

ತಾಯ್ನಾಡು ಕರೆದದ್ದೂ ಉಂಟು. ಮೆಹಬೂಬ್ ಖಾನರು ತಮ್ಮ 'ಮದರ್ ಇಂಡಿಯಾ'ದಲ್ಲಿ ಪಾತ್ರ ಕೊಡಲೆಂದು ಅವರನ್ನು ಮುಂಬಯಿಗೆ ಕರೆಸಿ ಹೋಟೆಲಿನಲ್ಲಿ ಇಳಿಸಿದರು. ಚಿತ್ರದ ಆರಂಭ ತಡವಾಯಿತು. ದುಡಿಯಲು ಬೇಕಾದ ಪರವಾನಗಿಯೂ ಕೈಗೆ ಬರಲಿಲ್ಲ. ಕಾರಾಪುರದಲ್ಲಿ ಹುಟ್ಟಿದವರು ಕಾಗದಪತ್ರಗಳ ಮಟ್ಟಿಗೆ ಪರದೇಶಿಯಾಗಿದ್ದರು. 1957ರಲ್ಲಿ ಚಿತ್ರ ಹೊರಬಂದಾಗ ಅದರಲ್ಲಿ ಸಾಬು ಇರಲಿಲ್ಲ. ಭಾರತದ ಚಿತ್ರವೊಂದರಲ್ಲಿ ಅಭಿನಯಿಸುವ ಯೋಗ ಅವರಿಗೆ ಮತ್ತೆ ಒದಗಲಿಲ್ಲ.

1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡಾಗ ಅವರಿಗೆ 39 ವರ್ಷ. ಸಮಾಧಿಯೂ ಅಲ್ಲಿಯೇ, ಲಾಸ್ ಏಂಜಲೀಸಿನಲ್ಲಿದೆ.