ನಿಲ್ಲಿಸುವಾಗಲೇ ಮತ್ತೆ ಶುರು ಮಾಡೋದನ್ನು ಯೋಚಿಸಿದವರು

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ತೋಟಗಳಲ್ಲಿ ಬೋರ್‌ವೆಲ್ ಪಕ್ಕ ಒಂದು ಸ್ಟಾರ್ಟರ್ ಡಬ್ಬಿ ಇರುತ್ತೆ. ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ ಹೊತ್ತು. ಎದ್ದು ಹೋಗಿ ಗುಂಡಿ ಒತ್ತೋದು ತಪ್ಪಲಿ ಅಂತ ಕೆಲವರು ಆಟೋ ಸ್ಟಾರ್ಟರ್ ಹಾಕಿಸ್ತಾರೆ. ಒಳ್ಳೇ ಆಟೋ ಸ್ಟಾರ್ಟರ್ ಕರೆಂಟ್ ಬಂದ ಕೂಡಲೇ ಮೋಟಾರ್ ಎಬ್ಬಿಸಲ್ಲ. ಮೂರೂ ಫೇಸ್ ಇದೆಯಾ ಅಂತ ನೋಡುತ್ತೆ, ಸ್ವಲ್ಪ ಹೊತ್ತು ಕಾಯುತ್ತೆ, ಆಮೇಲೆ ಶುರು ಮಾಡುತ್ತೆ. ಸುತ್ತಲಿನ ಎಲ್ಲ ಮೋಟಾರೂ ಒಂದೇ ಕ್ಷಣಕ್ಕೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಡೆಯಲ್ಲ.

ನಮ್ಮ ಲ್ಯಾಪ್‌ಟಾಪ್ ಮುಚ್ಚಿದಾಗ ಒಳಗೆ ನಡೆಯೋದೂ ಇಂಥದ್ದೇ. ಆಪರೇಟಿಂಗ್ ಸಿಸ್ಟಮ್ ಪ್ರತಿ ಡಿವೈಸ್ ಡ್ರೈವರ್‌ಗೂ ಸಸ್ಪೆಂಡ್ ಆಗು ಅಂತ ಹೇಳುತ್ತೆ. ಡ್ರೈವರ್ ಹೊಸ ಕೆಲಸ ತೆಗೆದುಕೊಳ್ಳೋದು ನಿಲ್ಲಿಸಿ, ಹಿಡಿದ ಕೆಲಸ ಮುಗಿಸಿ, ರಿಜಿಸ್ಟರ್‌ಗಳಲ್ಲಿದ್ದ ಬೆಲೆಗಳನ್ನು ಮೆಮೊರಿಯಲ್ಲಿ ಬರೆದಿಟ್ಟು ಡಿವೈಸನ್ನು ಮಲಗಿಸಬೇಕು. ಪವರ್ ಹೋದರೆ ರಿಜಿಸ್ಟರ್ ಖಾಲಿ. ಬರೆದಿಡದೆ ಮಲಗಿಸಿದರೆ ಬೆಳಿಗ್ಗೆ ಪರದೆ ಬರುತ್ತೆ, ವೈಫೈ ಬರಲ್ಲ. ಬೈಯೋದು ರೆಸ್ಯೂಮನ್ನ, ಆದರೆ ತಪ್ಪು ಆಗಿದ್ದು ಸಸ್ಪೆಂಡ್‌ನಲ್ಲಿ.

ಇದನ್ನು ಓದುವಾಗ ನಮಗೆ ನೆನಪಾದವರು ಅದೇ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯವರು, ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಸೆಪ್ಟೆಂಬರ್ 15ಕ್ಕೆ ಫೋಟೋಗೆ ಹಾರ ಹಾಕಿ ಮುಗಿಸ್ತೀವಿ. ಈ ಸಲ ಅವರ ಬದುಕನ್ನು ಈ ಒಂದು ಕಡೆಯಿಂದ ನೋಡೋಣ.

ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷಮ್ಮ. ಹುಡುಗ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಓದು ಅಲ್ಲಿಗೇ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಚಿಕ್ಕಬಳ್ಳಾಪುರದ ಶಾಲೆ ಆದಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿಎ ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಅಲ್ಲಿ ಅವರ ಹೆಸರು ನಿಂತಿದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಿಂದ. ಪ್ರವಾಹ ಬಂದಾಗ ಕೋಡಿಯ ಮೇಲೆ ನೀರು ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಅಲ್ಲಿ ಗೇಟು ಇಟ್ಟರೆ ನೀರು ಉಳಿಯುತ್ತೆ ನಿಜ. ಆದರೆ ನಡುರಾತ್ರಿ ಪ್ರವಾಹ ಬಂದರೆ ತೆರೆಯೋರು ಯಾರು? ತೆರೆಯದಿದ್ದರೆ ಕಟ್ಟೆಗೇ ಅಪಾಯ. ಅವರು ಗೇಟುಗಳಿಗೆ ತೂಕ ಕಟ್ಟಿ ಅದನ್ನು ಬಾವಿಯೊಳಗೆ ಇಳಿಬಿಟ್ಟರು. ಜಲಾಶಯದ ಮಟ್ಟ ಮಿತಿ ದಾಟಿದರೆ ನೀರು ಬಾವಿಗೆ ನುಗ್ಗುತ್ತೆ, ತೂಕದ ಲೆಕ್ಕ ಬದಲಾಗುತ್ತೆ, ಗೇಟು ತಾನಾಗಿ ತೆರೆದುಕೊಳ್ಳುತ್ತೆ. ಮಟ್ಟ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತೆ. 1903ರಲ್ಲಿ ಇದು ಕೆಲಸಕ್ಕೆ ಬಂತು, ಪೇಟೆಂಟೂ ಸಿಕ್ಕಿತು. ತೆರೆಯೋ ಗೇಟು ಮಾಡೋದು ಅರ್ಧ ಕೆಲಸ. ಯಾರೂ ಹೇಳದೆ ಹಳೇ ಸ್ಥಿತಿಗೆ ವಾಪಸ್ ಬರೋದು ಉಳಿದರ್ಧ. ಡ್ರೈವರ್ ಬರೆಯೋರಿಗೆ ಈ ಉಳಿದರ್ಧವೇ ಕಷ್ಟ.

1908ರಲ್ಲಿ ಬಾಂಬೆ ಕೆಲಸ ಬಿಟ್ಟರು. ಅದೇ ವರ್ಷ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತ್ತು. ಅಲ್ಲಿ ಹೋಗಿ ಪ್ರವಾಹ ತಡೆಯೋ ಜಲಾಶಯಗಳ ಯೋಜನೆ ಕೊಟ್ಟು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು.

ಆಗ ಮೈಸೂರಿಗೆ ಒಂದು ತಲೆನೋವಿತ್ತು. ಶಿವನಸಮುದ್ರದ ವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು. ಕೆಂಚಾರ್ಲಹಳ್ಳಿಯೂ 2007ರವರೆಗೆ ಕೋಲಾರ ಜಿಲ್ಲೆಯದೇ. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ವಿದ್ಯುತ್ತೂ ಕಮ್ಮಿ. ವರ್ಷಪೂರ್ತಿ ನೀರು ಬಿಡೋಕೆ, ಮಂಡ್ಯದ ಒಣ ಭೂಮಿಗೆ ಕಾಲುವೆ ಹರಿಸೋಕೆ ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕು ಅಂದರು. ಲೆಕ್ಕ ಹಾಕಿದ್ದು 41.5 ಟಿಎಂಸಿಗೆ. ಕೆಳಗಿನ ತಮ್ಮ ರೈತರಿಗೆ ನೀರು ತಪ್ಪುತ್ತೆ ಅಂತ ಮದ್ರಾಸ್ ತಕರಾರು ತೆಗೆಯಿತು. ಅನುಮತಿ ಸಿಕ್ಕಿದ್ದು ಸುಮಾರು 11 ಟಿಎಂಸಿಗೆ ಮಾತ್ರ.

1911ರಲ್ಲಿ ಕೆಲಸ ಶುರುವಾಯಿತು. ಆದರೆ ಅಡಿಪಾಯ ಹಾಕಿದ್ದು ಪೂರ್ತಿ ಎತ್ತರದ ಅಣೆಕಟ್ಟಿಗೆ. ಗಿಡ್ಡ ಕಟ್ಟೆಗೆ ತಕ್ಕ ಸಣ್ಣ ಅಡಿಪಾಯ ಹಾಕಿದ್ದರೆ ಮುಂದೆ ಎತ್ತರಿಸೋಕೆ ಆಗ್ತಿರಲಿಲ್ಲ. ಮದ್ರಾಸ್ ಇದನ್ನು ಒಪ್ಪಲಿಲ್ಲ, ಅವರ ಕಡೆಯಿಂದ ನೋಡಿದರೆ ಆ ಸಿಟ್ಟಿಗೂ ಕಾರಣ ಇತ್ತು. 1914ರಲ್ಲಿ ಪಂಚಾಯ್ತಿ ತೀರ್ಪು ಬಂತು, ಮೇಲ್ಮನವಿ ಆಯಿತು, ಕೊನೆಗೆ 1924ರಲ್ಲಿ ಒಪ್ಪಂದವಾಯಿತು. ಅಷ್ಟೊತ್ತಿಗೆ ವಿಶ್ವೇಶ್ವರಯ್ಯನವರು ಮೈಸೂರಿನ ಅಧಿಕಾರದಲ್ಲೇ ಇರಲಿಲ್ಲ.

1912ರಿಂದ ದಿವಾನರಾಗಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಅವರ ಕಾಲದಲ್ಲೇ ಹುಟ್ಟಿದವು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಮೀಸಲಾತಿ ಕೊಡೋ ವಿಚಾರದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಆ ವಿಚಾರದಲ್ಲಿ ಅವರ ನಿಲುವನ್ನು ನಾವು ಒಪ್ಪಲ್ಲ. ಹಾರ ಹಾಕೋ ದಿನ ಇದನ್ನು ಮುಚ್ಚಿಡಬೇಕಾಗಿಲ್ಲ.

ನಾವು ಗಮನಿಸಬೇಕಾದ್ದು ಅವರು ಹೋದಮೇಲಿನ ಕಥೆ. ಅಣೆಕಟ್ಟು ನಿಲ್ಲಲಿಲ್ಲ. ಬೇರೆ ಎಂಜಿನಿಯರುಗಳು, ಬೇರೆ ದಿವಾನರು, ಹೆಸರು ಉಳಿಯದ ಸಾವಿರಾರು ಕೂಲಿಯವರು ಅದೇ ಅಡಿಪಾಯದ ಮೇಲೆ ಕಟ್ಟುತ್ತಾ ಹೋಗಿ 1930ರ ದಶಕದ ಆರಂಭದಲ್ಲಿ ಮುಗಿಸಿದರು. ನೀರಿನ ಮಟ್ಟ ಸುಮಾರು 124 ಅಡಿವರೆಗೆ ಏರೋ ಹಾಗಾಯಿತು. ಖಡಕ್‌ವಾಸ್ಲಾದ ಥರದ್ದೇ ತಾನಾಗಿ ತೆರೆಯೋ ಗೇಟುಗಳೂ ಇಲ್ಲಿಗೆ ಬಂದವು. ಮುಂದೆ ಕಟ್ಟೋರಿಗೆ ಏನೇನು ಬೇಕೋ ಅದು ತಳದಲ್ಲೇ ಇತ್ತು. ಇದರ ಬೆಲೆ ತೆತ್ತವರೂ ಇದ್ದಾರೆ. ಹಳೇ ಕನ್ನಂಬಾಡಿ ಊರೇ ನೀರಿನಡಿ ಹೋಯಿತು. ಆ ಊರಿನವರಿಗೆ ಮತ್ತೆ ಶುರು ಮಾಡೋದು ಅಷ್ಟು ಸುಲಭ ಆಗಿರಲಿಲ್ಲ.

ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿ ನಷ್ಟಕ್ಕೆ ಬಿದ್ದಾಗ ಇವರನ್ನೇ ಮತ್ತೆ ಕರೆದರು. 1929ರವರೆಗೆ ನಿಂತು ಅದನ್ನು ದಾರಿಗೆ ತಂದರು. 1955ರಲ್ಲಿ ಭಾರತರತ್ನ ಬಂತು. ನೂರು ದಾಟಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಮಾಧಿ ಇರೋದು ಮುದ್ದೇನಹಳ್ಳಿಯಲ್ಲೇ.

ಅವರ ಹುಟ್ಟೂರಿನ ಸುತ್ತ ಇವತ್ತಿಗೂ ವರ್ಷವಿಡೀ ಹರಿಯೋ ನದಿ ಇಲ್ಲ. ಕೆಂಚಾರ್ಲಹಳ್ಳಿ ರೈತ ಕರೆಂಟ್ ಬರೋದನ್ನು ಕಾಯ್ತಾನೆ, ಅಷ್ಟೇ.

ನಮ್ಮಲ್ಲಿ ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್‌ಗಳು ಮೇ ತಿಂಗಳಲ್ಲಿ ಮಲಗ್ತವೆ, ಮತ್ತೆ ಏಳಲ್ಲ. ಕೋಡ್ ಇರುತ್ತೆ, ಯಾವ ಪಿನ್ ಎಲ್ಲಿಗೆ, ಯಾವುದು ಅರ್ಧಕ್ಕೆ ನಿಂತಿದೆ, ಯಾಕೆ ನಿಂತಿದೆ ಅನ್ನೋದು ಬರೆದಿರಲ್ಲ. ಬಿಟ್ಟು ಹೋಗೋ ಸೀನಿಯರ್‌ಗಳು ಒಂದು ಸಂಜೆ ಕೂತು ಅಷ್ಟನ್ನು ಬರೆದಿಡಲಿ. ಮುಂದಿನ ವರ್ಷದವರು ಸೊನ್ನೆಯಿಂದ ಶುರು ಮಾಡೋದು ತಪ್ಪುತ್ತೆ.